ಹಳೆಯ ಪಿಕಪ್‌ಗೆ ದೊಡ್ಡ ಆಲ್ಟರ್ನೇಟರ್: ಮೊದಲು ವೈರಿಂಗ್, ಆಮೇಲೆ ಆಂಪಿಯರ್

1967ರಿಂದ 1972ರವರೆಗೆ ತಯಾರಾದ ಷೆವರ್ಲೆ ಸಿ-10 ಪಿಕಪ್, ಹಳೆಯ ಟ್ರಕ್ಕುಗಳಿಗೆ ಮರುಜೀವ ಕೊಡುವ ಅಮೆರಿಕದ ಹವ್ಯಾಸಿಗಳಿಗೆ ಅಚ್ಚುಮೆಚ್ಚಿನ ಗಾಡಿ. ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ, ಬಾನೆಟ್ ಎತ್ತಿದರೆ ಕೈಯಾಡಿಸಲು ಧಾರಾಳ ಜಾಗವಿದೆ, ಎಂಜಿನ್ನಿನ ರಚನೆ ಸರಳವಾಗಿದೆ. ಗಾಡಿ ಓಡುವ ಸ್ಥಿತಿಗೆ ಬಂದ ಮೇಲೆ ಮಾಲೀಕರು ಎಲೆಕ್ಟ್ರಿಕ್ ಫ್ಯಾನ್, ಎಸಿ, ಫ್ಯುಯೆಲ್ ಇಂಜೆಕ್ಷನ್, ಸ್ಟೀರಿಯೊ ಎಂದು ಒಂದೊಂದಾಗಿ ಸೇರಿಸುತ್ತಾರೆ. ಅಲ್ಲಿಗೆ ಕಾರ್ಖಾನೆ ಕೊಟ್ಟಿದ್ದ ಆಲ್ಟರ್ನೇಟರ್ ಸಾಲದಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗುತ್ತದೆ, ಫ್ಯಾನ್ ನಿಧಾನವಾಗುತ್ತದೆ, ಬ್ಯಾಟರಿ ದಿನೇ ದಿನೇ ಇಳಿಯುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: 100 ಆಂಪಿಯರ್ ಮೀರಿದ ಆಲ್ಟರ್ನೇಟರ್ ತಂದು ಹಳೆಯದರ ಜಾಗದಲ್ಲಿ ಕೂರಿಸಿ, ಹಳೆಯ ವೈರನ್ನೇ ಅದಕ್ಕೆ ಬಿಗಿಯುವುದು. ಇಲ್ಲಿ ಹೇಳಹೊರಟಿರುವುದು ಆ ಕ್ರಮವನ್ನೇ ತಿರುಗಿಸಬೇಕೆಂದು. ಆಲ್ಟರ್ನೇಟರ್ ಕೊಳ್ಳುವುದು ಈ ಕೆಲಸದ ಕೊನೆಯ ಹಂತ. ಕರೆಂಟ್ ಹರಿಯುವ ದಾರಿ, ಆ ದಾರಿಯನ್ನು ಕಾಯುವ ಫ್ಯೂಸ್, ವೋಲ್ಟೇಜನ್ನು ಅಳೆಯುವ ಬಿಂದು, ಹಿಂದಿರುಗುವ ಅರ್ತ್ ಈ ನಾಲ್ಕು ಸರಿಯಾಗದೆ ಆಂಪಿಯರ್ ಹೆಚ್ಚಿಸಿದರೆ ಗಾಡಿಗೆ ಸಿಗುವುದು ಬೆಳಕಲ್ಲ, ಬಿಸಿ.

ಲೆಕ್ಕ ಮೊದಲು

ಮೊದಲು ಕೇಳಿಕೊಳ್ಳಬೇಕಾದದ್ದು, ದೊಡ್ಡ ಆಲ್ಟರ್ನೇಟರ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆ. ಜನರಲ್ ಮೋಟರ್ಸ್ 1963ರಲ್ಲಿ ಡೈನಮೊ ಬಿಟ್ಟು ಡೆಲ್ಕೊಟ್ರಾನ್ ಆಲ್ಟರ್ನೇಟರ್‌ಗೆ ಬಂತು. ಸಿ-10ಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಅದೇ ಕುಟುಂಬದ 10ಡಿಎನ್. ನಮ್ಮ ಮೆಕ್ಯಾನಿಕ್‌ಗಳು ಕಟೌಟ್ ಎಂದು ಕರೆಯುವ ರೆಗ್ಯುಲೇಟರ್ ಇದರಲ್ಲಿ ಹೊರಗಡೆ ಪ್ರತ್ಯೇಕ ಡಬ್ಬಿಯಾಗಿರುತ್ತದೆ. ಇದರ ಚಿಕ್ಕ ಮಾದರಿಯ ಸಾಮರ್ಥ್ಯ 37 ಆಂಪಿಯರ್. ಆ ಕಾಲದ ಹೊರೆಗೆ ಅಷ್ಟು ಸಾಕಾಗಿತ್ತು. ಎರಡು ಹೆಡ್‌ಲೈಟಿಗೆ ಲೋ ಬೀಮ್‌ನಲ್ಲಿ ಸುಮಾರು 8 ಆಂಪಿಯರ್, ಹಿಂದಿನ ಮತ್ತು ಬದಿಯ ದೀಪಗಳಿಗೆ 4, ಇಗ್ನಿಷನ್‌ಗೆ 4, ಹೀಟರ್ ಫ್ಯಾನಿಗೆ 7, ವೈಪರಿಗೆ 5 ಎಂದಿಟ್ಟುಕೊಂಡರೂ ಮೊತ್ತ 28 ದಾಟುವುದಿಲ್ಲ. ಮೂಲರೂಪದಲ್ಲೇ ಉಳಿದಿರುವ ಗಾಡಿಗೆ ಹಳೆಯ ಆಲ್ಟರ್ನೇಟರನ್ನೇ ರಿಪೇರಿ ಮಾಡಿಸಿ, ಕನೆಕ್ಷನ್‌ಗಳನ್ನು ಉಜ್ಜಿ ಸ್ವಚ್ಛಗೊಳಿಸಿದರೆ ಮುಗಿಯಿತು. ಅಲ್ಲಿ ಹಣ ಸುರಿಯುವ ಅಗತ್ಯವಿಲ್ಲ. ಆದರೆ ಎಲೆಕ್ಟ್ರಿಕ್ ಫ್ಯಾನ್ ಒಂದೇ 25ರಿಂದ 30 ಆಂಪಿಯರ್ ಎಳೆಯುತ್ತದೆ, ತಿರುಗಲು ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಇಂಜೆಕ್ಷನ್‌ನ ಪಂಪು ಮತ್ತು ಕಂಪ್ಯೂಟರಿಗೆ 12ರಿಂದ 15, ಎಸಿಯ ಬ್ಲೋವರ್ ಮತ್ತು ಕಂಪ್ರೆಸರ್ ಕ್ಲಚ್ಚಿಗೆ 20ರ ಆಸುಪಾಸು, ಸ್ಟೀರಿಯೊಗೆ 8 ಸೇರಿಸಿದರೆ ಹೊರೆ 90ರ ಸುತ್ತ ಬಂದು ನಿಲ್ಲುತ್ತದೆ. ಇವೆಲ್ಲ ಅಂದಾಜಿನ ಅಂಕಿಗಳು. ನಿಮ್ಮ ಗಾಡಿಯ ಉಪಕರಣಗಳ ಮೇಲೆ ಬರೆದಿರುವ ವ್ಯಾಟ್ ನೋಡಿ, 13.5ರಿಂದ ಭಾಗಿಸಿ, ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಬಂದ ಮೊತ್ತದ ಮೇಲೆ ಕಾಲುಭಾಗ ಹೆಚ್ಚುವರಿ ಇಟ್ಟುಕೊಂಡರೆ ಬೇಕಾದ ಸಾಮರ್ಥ್ಯ ತಿಳಿಯುತ್ತದೆ.

ಈ ಲೆಕ್ಕದಲ್ಲಿ ಹಲವರು ಎಡವುವ ಜಾಗ ಐಡ್ಲಿಂಗ್. ಆಲ್ಟರ್ನೇಟರ್ ಮೇಲೆ ಮುದ್ರಿಸಿರುವ ಅಂಕಿ ಅದು ವೇಗವಾಗಿ ತಿರುಗುವಾಗ ಕೊಡುವ ಗರಿಷ್ಠ ಕರೆಂಟ್. ಎಂಜಿನ್ 650 ಸುತ್ತಿನಲ್ಲಿ ನಿಂತು ಗುಂಯ್‌ಗುಡುತ್ತಿರುವಾಗ, ಪುಲ್ಲಿಗಳ ಅನುಪಾತ 2.7 ಇದ್ದರೆ, ಆಲ್ಟರ್ನೇಟರ್ ತಿರುಗುವುದು ನಿಮಿಷಕ್ಕೆ ಸುಮಾರು 1,750 ಸುತ್ತು ಮಾತ್ರ. ಆ ವೇಗದಲ್ಲಿ ಹಳೆಯ ಮಾದರಿಗಳು ತಮ್ಮ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಕೊಡುತ್ತವೆ. ಟ್ರಾಫಿಕ್‌ನಲ್ಲಿ ನಿಂತಾಗಲೇ ಫ್ಯಾನ್ ಓಡಬೇಕು, ಎಸಿ ಓಡಬೇಕು. ಹೊರೆ ಅತಿ ಹೆಚ್ಚಿರುವ ಹೊತ್ತಿಗೇ ಉತ್ಪಾದನೆ ಅತಿ ಕಡಿಮೆ ಇರುತ್ತದೆ. ಆದ್ದರಿಂದ ಖರೀದಿಸುವಾಗ ಗರಿಷ್ಠ ಅಂಕಿಯ ಜೊತೆಗೆ ಐಡ್ಲಿಂಗ್‌ನಲ್ಲಿ, ಬಿಸಿಯಾದ ಸ್ಥಿತಿಯಲ್ಲಿ ಎಷ್ಟು ಕೊಡುತ್ತದೆ ಎಂದು ಕೇಳಬೇಕು. ಹೆಸರಿಗೆ 200 ಆಂಪಿಯರ್ ಇದ್ದು ಐಡ್ಲಿಂಗ್‌ನಲ್ಲಿ 35 ಕೊಡುವುದಕ್ಕಿಂತ, 100 ಇದ್ದು ಐಡ್ಲಿಂಗ್‌ನಲ್ಲಿ 50 ಕೊಡುವುದು ಊರೊಳಗೆ ಓಡಾಡುವ ಪಿಕಪ್‌ಗೆ ಹೆಚ್ಚು ಉಪಯುಕ್ತ.

ತಂತಿಯ ಗಣಿತ

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾಡಿಯ ವೈರುಗಳ ಹಳೆಯ ಕಟ್ಟಿನಲ್ಲಿ, ಅಂದರೆ ಹಾರ್ನೆಸ್‌ನಲ್ಲಿ, ಆಲ್ಟರ್ನೇಟರ್‌ನಿಂದ ಹೊರಡುವ ಚಾರ್ಜಿಂಗ್ ವೈರ್ 10 ಅಥವಾ 12 ಗೇಜಿನದು. ಅಮೆರಿಕದ ಗೇಜ್ ಲೆಕ್ಕದಲ್ಲಿ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. 10 ಗೇಜಿನ ತಾಮ್ರದ ಅಡ್ಡಕೊಯ್ತ 5.3 ಚದರ ಮಿ.ಮೀ., 4 ಗೇಜಿನದು 21 ಚದರ ಮಿ.ಮೀ. ಎರಡು ಮೀಟರ್ ಉದ್ದದ 10 ಗೇಜ್ ತಂತಿಯಲ್ಲಿ 40 ಆಂಪಿಯರ್ ಹರಿದರೆ ಕಾಲು ವೋಲ್ಟ್ ಕಳೆದುಹೋಗುತ್ತದೆ, ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 10 ವ್ಯಾಟ್. ಅದೇ ತಂತಿಯಲ್ಲಿ 100 ಆಂಪಿಯರ್ ಹರಿಸಿದರೆ ನಷ್ಟ 0.66 ವೋಲ್ಟ್, ಶಾಖ 66 ವ್ಯಾಟ್. ಕರೆಂಟ್ ಎರಡೂವರೆ ಪಟ್ಟಾದರೆ ಶಾಖ ಆರು ಪಟ್ಟು ದಾಟುತ್ತದೆ, ಏಕೆಂದರೆ ಶಾಖ ಏರುವುದು ಕರೆಂಟಿನ ವರ್ಗದ ಪ್ರಮಾಣದಲ್ಲಿ. 4 ಗೇಜಿನ ಕೇಬಲ್ ಹಾಕಿದರೆ ಅದೇ 100 ಆಂಪಿಯರಿಗೆ ನಷ್ಟ 0.16 ವೋಲ್ಟಿಗೆ, ಶಾಖ 16 ವ್ಯಾಟಿಗೆ ಇಳಿಯುತ್ತದೆ. ಬೋರ್‌ವೆಲ್‌ಗೆ ದೊಡ್ಡ ಎಚ್‌ಪಿ ಮೋಟಾರ್ ಇಳಿಸಿ, ತೋಟಕ್ಕೆ ಹೋಗುವ ಪೈಪನ್ನು ಮಾತ್ರ ಹಳೆಯ ಒಂದಿಂಚಿನದೇ ಉಳಿಸಿಕೊಂಡರೆ ಏನಾಗುತ್ತದೆಂದು ನಮ್ಮ ರೈತರಿಗೆ ಗೊತ್ತು. ಇಲ್ಲಿ ಆಗುವುದೂ ಅದೇ. ಐವತ್ತು ವರ್ಷ ಎಣ್ಣೆ, ಬಿಸಿಲು, ಎಂಜಿನ್ ಕಾವು ತಿಂದು ಗಡುಸಾದ ಇನ್ಸುಲೇಷನ್ನು ಆ ಹೆಚ್ಚುವರಿ ಶಾಖವನ್ನು ತಾಳಿಕೊಳ್ಳುತ್ತದೆ ಎಂದು ನಂಬುವುದು ಗಾಡಿಯನ್ನೇ ಪಣಕ್ಕಿಟ್ಟಂತೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಆಲ್ಟರ್ನೇಟರ್ ತಾನಾಗಿ ಕರೆಂಟ್ ತಳ್ಳುವುದಿಲ್ಲ, ಉಪಕರಣಗಳು ಎಳೆದಷ್ಟನ್ನೇ ಕೊಡುತ್ತದೆ; ಹೊರೆ 30 ಇದ್ದರೆ 140 ಆಂಪಿಯರಿನದೂ 30 ಅನ್ನೇ ಕೊಡುತ್ತದೆ; ಹಾಗಿದ್ದಮೇಲೆ ಹಳೆಯ ವೈರ್ ಏಕೆ ಸುಡಬೇಕು? ಮೊದಲ ಮಾತು ನಿಜ. ಆದರೆ ಎಳೆಯುವ ಉಪಕರಣಗಳಲ್ಲಿ ಬ್ಯಾಟರಿಯೂ ಒಂದು ಎಂಬುದನ್ನು ಈ ವಾದ ಮರೆಯುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಬ್ಯಾಟರಿ ಖಾಲಿಯಾಗಿ, ಇನ್ನೊಂದು ಗಾಡಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ ಕೂಡಲೇ ಆ ಬ್ಯಾಟರಿ ಸಿಕ್ಕಷ್ಟನ್ನೂ ಎಳೆಯುತ್ತದೆ. ಹಳೆಯ ಆಲ್ಟರ್ನೇಟರಿಗೆ ಆಗ 37ಕ್ಕಿಂತ ಹೆಚ್ಚು ಕೊಡುವ ಶಕ್ತಿಯೇ ಇರಲಿಲ್ಲ, ಅದರ ಮಿತಿಯೇ ವೈರಿಗೆ ರಕ್ಷಣೆಯಾಗಿತ್ತು. ದೊಡ್ಡದನ್ನು ಕೂರಿಸಿದ ದಿನ ಆ ರಕ್ಷಣೆ ಹೋಯಿತು. ಮೇಲಾಗಿ, ಹೊಸ ಉಪಕರಣಗಳನ್ನು ಸೇರಿಸಿದ್ದಕ್ಕೇ ತಾನೇ ದೊಡ್ಡ ಆಲ್ಟರ್ನೇಟರ್ ಬಂದದ್ದು? ವೈರಿನ ದಪ್ಪವನ್ನು ನಿರ್ಧರಿಸಬೇಕಾದದ್ದು ದಿನನಿತ್ಯದ ಸರಾಸರಿ ಹೊರೆಯಲ್ಲ, ಆ ಯಂತ್ರ ಕೊಡಬಲ್ಲ ಅತಿ ಹೆಚ್ಚಿನ ಕರೆಂಟ್. 60–70 ಆಂಪಿಯರ್‌ವರೆಗೆ, ಎರಡು ಮೀಟರ್ ಒಳಗಿನ ದೂರಕ್ಕೆ 8 ಗೇಜ್ ನಡೆಯುತ್ತದೆ. 100ರ ಸುತ್ತ 6. ಅದನ್ನು ದಾಟಿದರೆ 4. ಸಂದೇಹವಿದ್ದಾಗ ಒಂದು ಹಂತ ದಪ್ಪನೆಯದನ್ನೇ ಆರಿಸಿ.

ನಮ್ಮ ರಸ್ತೆಗಳಲ್ಲಿ ಓಡುವ ದೊಡ್ಡ ಲಾರಿಗಳ ವೈರಿಂಗ್ ನೋಡಿದವರಿಗೆ ಇಷ್ಟು ದಪ್ಪ ಕೇಬಲ್ ಅತಿಯಾಯಿತೆನ್ನಿಸಬಹುದು. ಆ ಲಾರಿಗಳದು 24 ವೋಲ್ಟ್ ವ್ಯವಸ್ಥೆ. ಅಷ್ಟೇ ವ್ಯಾಟಿಗೆ ಅಲ್ಲಿ ಅರ್ಧದಷ್ಟು ಕರೆಂಟ್ ಸಾಕು, ಒಂದೇ ದಪ್ಪದ ತಂತಿಯಲ್ಲಿ ಶಾಖ ಕಾಲುಭಾಗ ಮಾತ್ರ. ಸಿ-10 ಆಗಲಿ, ಕರ್ನಾಟಕದಲ್ಲಿ ಹವ್ಯಾಸಿಗಳು ಸಿದ್ಧಪಡಿಸುವ 12 ವೋಲ್ಟಿನ ಹಳೆಯ ಜೀಪುಗಳಾಗಲಿ, ಈ ರಿಯಾಯಿತಿ ಪಡೆಯಲಾರವು.

ವೋಲ್ಟೇಜನ್ನು ಎಲ್ಲಿ ಅಳೆಯಬೇಕು?

ಈ ಟ್ರಕ್ಕಿನ ಮೂಲ ವೈರಿಂಗ್‌ನಲ್ಲಿ ಒಂದು ಜಾಣತನವಿದೆ. ಆಲ್ಟರ್ನೇಟರ್‌ನಿಂದ ಬಂದ ಕರೆಂಟ್ ನೇರ ಬ್ಯಾಟರಿಗೆ ಹೋಗುವುದಿಲ್ಲ. ಹಾರ್ನೆಸ್‌ನ ಒಂದು ಕೂಡುಬಿಂದುವಿಗೆ ಬಂದು, ಅಲ್ಲಿಂದ ಒಂದು ಕವಲು ದೀಪ, ಇಗ್ನಿಷನ್ ಮುಂತಾದವುಗಳಿಗೂ ಇನ್ನೊಂದು ಬ್ಯಾಟರಿಗೂ ಹೋಗುತ್ತದೆ. ರೆಗ್ಯುಲೇಟರ್ ವೋಲ್ಟೇಜನ್ನು ಓದುವುದೂ ಈ ಕೂಡುಬಿಂದುವಿನ ಕಡೆಯಿಂದಲೇ. ದಾರಿಯಲ್ಲಿ ಅರ್ಧ ವೋಲ್ಟ್ ಕಳೆದುಹೋಯಿತೆಂದು ಅದಕ್ಕೆ ತಿಳಿದರೆ, ಆಲ್ಟರ್ನೇಟರನ್ನು ಅರ್ಧ ವೋಲ್ಟ್ ಮೇಲಕ್ಕೆ ತಳ್ಳಿ ಆ ನಷ್ಟ ತುಂಬುತ್ತದೆ. ದೀಪಗಳಿಗೆ ಸದಾ 14ರ ಆಸುಪಾಸು ವೋಲ್ಟ್ ಸಿಗುವುದು ಇದರಿಂದಲೇ. ಇದು ಸಣ್ಣ ವಿಷಯವಲ್ಲ. ತಂತಿಯುರಿಯುವ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. 14 ವೋಲ್ಟ್ 13ಕ್ಕೆ ಇಳಿದರೆ ಬೆಳಕು ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ.

ಮಾರುಕಟ್ಟೆಯಲ್ಲಿ ಜೋರಾಗಿ ಓಡುತ್ತಿರುವ ಒಂದೇ ವೈರಿನ ಆಲ್ಟರ್ನೇಟರ್ ಈ ಅನುಕೂಲವನ್ನು ಕೈಬಿಡುತ್ತದೆ. ಅದು ವೋಲ್ಟೇಜನ್ನು ಓದುವುದು ತನ್ನದೇ ಬೆನ್ನಿನ ಮೇಲಿರುವ ಬೋಲ್ಟಿನಲ್ಲಿ. ಅಲ್ಲಿ 14.2 ಕಂಡರೆ ಅದಕ್ಕೆ ತೃಪ್ತಿ. ಆಚೆ ತುದಿಯಲ್ಲಿ 13.3 ಉಳಿದಿದೆಯೆಂದು ಅದಕ್ಕೆ ತಿಳಿಯುವುದೇ ಇಲ್ಲ. ಜೊತೆಗೆ, ಸ್ಟಾರ್ಟ್ ಮಾಡಿದ ಮೇಲೆ ಒಮ್ಮೆ ಎಕ್ಸಲರೇಟರ್ ಒತ್ತಿ ವೇಗ ಏರಿಸುವತನಕ ಇವುಗಳಲ್ಲಿ ಹಲವು ಚಾರ್ಜ್ ಶುರುಮಾಡುವುದಿಲ್ಲ. ಸರಳತೆಯೇ ಅದರ ಗುಣ ಎಂದು ಪಕ್ಷ ವಹಿಸುವವರಿದ್ದಾರೆ. ಹೊರೆ ಕಡಿಮೆಯಿದ್ದು, ಬ್ಯಾಟರಿ ಹತ್ತಿರವಿದ್ದು, ಕೇಬಲ್ ದಪ್ಪನೆಯದಾಗಿದ್ದರೆ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ದೊಡ್ಡ ಆಲ್ಟರ್ನೇಟರನ್ನು ಹುಡುಕಿ ಹೊರಟವರ ಗಾಡಿಯಲ್ಲಿ ಹೊರೆ ಕಡಿಮೆ ಇರುವುದಿಲ್ಲ. ಒಂದೇ ವೈರಿನದನ್ನು ಹಾಕಿದರೆ ಉಳಿತಾಯವಾಗುವುದು ಎರಡು ತೆಳು ವೈರ್‌ಗಳ ಕೆಲಸ ಮಾತ್ರ. ಅಷ್ಟಕ್ಕಾಗಿ ವೋಲ್ಟೇಜಿನ ನಿಖರತೆಯನ್ನು ಬಿಟ್ಟುಕೊಡುವುದು ಒಳ್ಳೆಯ ವ್ಯಾಪಾರವಲ್ಲ.

ಆ ಎರಡು ವೈರ್‌ಗಳೂ ಇರುವ ಮೂರು ವೈರಿನ ಜೋಡಣೆ ಅಂದುಕೊಂಡಷ್ಟು ಕಷ್ಟವೂ ಅಲ್ಲ. 1970ರ ದಶಕದಲ್ಲಿ ವ್ಯಾಪಕವಾಗಿ ಬಂದ 10ಎಸ್‌ಐ, ಅದರ ನಂತರದ 12ಎಸ್‌ಐ ಮಾದರಿಗಳಲ್ಲಿ ರೆಗ್ಯುಲೇಟರ್ ಒಳಗೇ ಇರುತ್ತದೆ. 12ಎಸ್‌ಐ 94 ಆಂಪಿಯರ್‌ವರೆಗೂ ಸಿಗುತ್ತದೆ, ಬಹುತೇಕ ಹಳೆಯ ಬ್ರಾಕೆಟ್ಟಿಗೇ ಕೂರುತ್ತದೆ. ಇದರ ಪ್ಲಗ್ಗಿನಲ್ಲಿ ಎರಡು ಟರ್ಮಿನಲ್: 1ನೆಯದು ಚಾರ್ಜಿಂಗನ್ನು ಎಬ್ಬಿಸಲು, 2ನೆಯದು ವೋಲ್ಟೇಜ್ ಓದಲು. ಹಳೆಯ ಹಾರ್ನೆಸ್‌ನಲ್ಲಿ ಆಲ್ಟರ್ನೇಟರ್‌ಗೆ ಬರುವ ಬಿಳಿ ವೈರನ್ನು 1ಕ್ಕೂ ನೀಲಿಯನ್ನು 2ಕ್ಕೂ ಕೊಡಬೇಕು. ಹೊರಗಿನ ರೆಗ್ಯುಲೇಟರಿನಿಂದ ಪ್ಲಗ್ ಕಳಚಿ, ಆ ಪ್ಲಗ್ಗಿನಲ್ಲಿ ಬಿಳಿಯನ್ನು ಕಂದಿಗೂ ನೀಲಿಯನ್ನು ಕೆಂಪಿಗೂ ಜೋಡಿಸಬೇಕು. ಹೀಗೆ ಮಾಡಿದರೆ ಕಾರ್ಖಾನೆ ಇಟ್ಟಿದ್ದ ಜಾಗದಿಂದಲೇ ವೋಲ್ಟೇಜ್ ಓದುವುದು ಮುಂದುವರಿಯುತ್ತದೆ. ಹಾರ್ನೆಸ್‌ಗೆ ಹಿಂದೆ ಯಾರಾದರೂ ಕೈಹಾಕಿರಬಹುದು, ಆದ್ದರಿಂದ ಬಣ್ಣವನ್ನೇ ನಂಬದೆ ಮೀಟರಿನಿಂದ ಖಚಿತಪಡಿಸಿಕೊಳ್ಳಿ: ನೀಲಿಯಲ್ಲಿ ಯಾವಾಗಲೂ ಕರೆಂಟ್ ಇರಬೇಕು, ಬಿಳಿಯಲ್ಲಿ ಕೀ ತಿರುಗಿಸಿದಾಗ ಮಾತ್ರ. ಚಾರ್ಜಿಂಗ್ ದೀಪವಿಲ್ಲದ ಗಾಡಿಯಲ್ಲಿ 1ನೇ ಟರ್ಮಿನಲ್‌ಗೆ ಇಗ್ನಿಷನ್‌ನಿಂದ ರೆಸಿಸ್ಟರ್ ಅಥವಾ ಡಯೋಡ್ ಮೂಲಕ ವೈರ್ ತರಬೇಕಾಗಬಹುದು. ಕೀ ಆಫ್ ಮಾಡಿದ ಮೇಲೂ ಎಂಜಿನ್ ಓಡುತ್ತಲೇ ಇದ್ದರೆ ಆಲ್ಟರ್ನೇಟರ್ ಈ ವೈರಿನ ಮೂಲಕ ಇಗ್ನಿಷನ್‌ಗೆ ಹಿಮ್ಮುಖವಾಗಿ ಕರೆಂಟ್ ಕೊಡುತ್ತಿದೆ ಎಂದರ್ಥ. ಸರಿಯಾದ ದಿಕ್ಕಿನಲ್ಲಿಟ್ಟ ಒಂದು ಡಯೋಡ್ ಅದನ್ನು ನಿಲ್ಲಿಸುತ್ತದೆ. 1980ರ ದಶಕದಲ್ಲಿ ಬಂದ ಸಿಎಸ್130 ಮಾದರಿ 105, ಸಿಎಸ್144 ಮಾದರಿ 140 ಆಂಪಿಯರ್‌ವರೆಗೆ ಕೊಡುತ್ತವೆ. ಅವುಗಳ ಪ್ಲಗ್ ಬೇರೆ, ಬೋಲ್ಟ್ ಕೂರುವ ಕಿವಿಗಳ ಅಂತರವನ್ನೂ ಬ್ರಾಕೆಟ್ಟಿಗೆ ಹೊಂದಿಸಿ ನೋಡಬೇಕು. ಅವುಗಳ ‘ಎಲ್’ ಟರ್ಮಿನಲ್‌ಗೆ ಬಲ್ಬ್ ಅಥವಾ ರೆಸಿಸ್ಟರ್ ಇಲ್ಲದೆ ನೇರ 12 ವೋಲ್ಟ್ ಕೊಟ್ಟರೆ ಒಳಗಿನ ರೆಗ್ಯುಲೇಟರ್ ಹಾಳಾಗುತ್ತದೆ.

ದಪ್ಪ ಕೇಬಲ್ ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ನೇರ ಬ್ಯಾಟರಿಗೆ ಎಳೆಯಿರಿ ಎನ್ನುವವರು ಹೆಚ್ಚು. ಆದರೆ ಎಂಜಿನ್ ಓಡುವಾಗ ಕರೆಂಟಿನ ದೊಡ್ಡ ಪಾಲು ಬೇಕಾಗುವುದು ಉಪಕರಣಗಳಿಗೆ. ಬ್ಯಾಟರಿಗೆ ಬೇಕಾದದ್ದು, ಸ್ಟಾರ್ಟ್ ಮಾಡಿದ ಕೆಲವು ನಿಮಿಷಗಳ ನಂತರ, ಕೆಲವೇ ಆಂಪಿಯರ್. ಆದ್ದರಿಂದ ಎಂಜಿನ್ ಕೋಣೆಯಲ್ಲೇ ಒಂದು ಗಟ್ಟಿ ಜಂಕ್ಷನ್ ಸ್ಟಡ್ ಕೂರಿಸಿ, ಆಲ್ಟರ್ನೇಟರಿನ ಕೇಬಲನ್ನು ಅಲ್ಲಿಗೆ ತಂದು, ಫ್ಯಾನ್ ರಿಲೇ, ಹೆಡ್‌ಲೈಟ್ ರಿಲೇ, ಎಸಿ ಎಲ್ಲವನ್ನೂ ಅಲ್ಲಿಂದಲೇ ಕವಲೊಡೆಸುವುದು ಉತ್ತಮ. ವೋಲ್ಟೇಜ್ ಓದುವ ವೈರನ್ನೂ ಅದೇ ಸ್ಟಡ್‌ಗೆ ತರಬೇಕು. ಜಂಕ್ಷನ್‌ನಿಂದ ಬ್ಯಾಟರಿಗೆ ಹೋಗುವ ವೈರನ್ನೂ ದಪ್ಪನೆಯದಾಗಿ ಬದಲಿಸಬೇಕು, ಏಕೆಂದರೆ ಖಾಲಿ ಬ್ಯಾಟರಿ ಎಳೆಯುವುದೂ, ಐಡ್ಲಿಂಗ್‌ನಲ್ಲಿ ಕೊರತೆ ಬಿದ್ದಾಗ ಬ್ಯಾಟರಿ ಕೊಡುವುದೂ ಆ ದಾರಿಯಲ್ಲೇ.

ಇಲ್ಲಿ ಆಮೀಟರಿನ ಪ್ರಶ್ನೆ ಏಳುತ್ತದೆ. 1967–72ರ ಈ ಟ್ರಕ್ಕುಗಳಲ್ಲಿ ಆಮೀಟರ್ ಮೂಲಕ ಪೂರ್ತಿ ಕರೆಂಟ್ ಹರಿಯುವುದಿಲ್ಲ. ಬ್ಯಾಟರಿಗೂ ಕೂಡುಬಿಂದುವಿಗೂ ನಡುವಿನ ವೈರಿನಲ್ಲಾಗುವ ಸಣ್ಣ ವೋಲ್ಟೇಜ್ ವ್ಯತ್ಯಾಸವನ್ನು ಎರಡು ತೆಳು ವೈರ್‌ಗಳಿಂದ ಓದಿ ಮುಳ್ಳು ಅಲುಗುತ್ತದೆ. ಆ ವೈರ್ ದಪ್ಪವಾದರೆ ವ್ಯತ್ಯಾಸ ಕಡಿಮೆಯಾಗಿ ಮುಳ್ಳು ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಆಲ್ಟರ್ನೇಟರನ್ನು ನೇರ ಬ್ಯಾಟರಿಗೆ ಕೊಟ್ಟರಂತೂ ಚಾರ್ಜ್ ಚೆನ್ನಾಗಿದ್ದರೂ ಡಿಸ್ಚಾರ್ಜ್ ಎಂದೇ ತೋರಿಸುತ್ತದೆ. ಆಗ ವೋಲ್ಟ್‌ಮೀಟರ್ ಹಾಕಿಕೊಳ್ಳುವುದು ಸರಿ. ಅದು ವ್ಯವಸ್ಥೆಯ ಆರೋಗ್ಯವನ್ನು ಆಮೀಟರಿಗಿಂತ ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಾಲದ ಡಾಡ್ಜ್ ಟ್ರಕ್ಕುಗಳಲ್ಲಿ ಮಾತ್ರ ಪೂರ್ತಿ ಚಾರ್ಜಿಂಗ್ ಕರೆಂಟ್ ಫೈರ್‌ವಾಲ್‌ನ ಕನೆಕ್ಟರ್ ದಾಟಿ ಆಮೀಟರ್ ಮೂಲಕವೇ ಸುತ್ತಿಬರುತ್ತದೆ. ಅಂಥ ಗಾಡಿಯಲ್ಲಿ ಆಮೀಟರನ್ನು ಆ ದಾರಿಯಿಂದ ಬಿಡಿಸದೆ ದೊಡ್ಡ ಆಲ್ಟರ್ನೇಟರ್ ಹಾಕಲೇಬಾರದು; ಕನೆಕ್ಟರ್ ಕರಗಿ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಹುಟ್ಟುವ ಅಪಾಯವಿದೆ.

ಫ್ಯೂಸ್, ಅರ್ತ್, ಬೆಲ್ಟ್

ಫ್ಯೂಸ್ ಇರುವುದು ಆಲ್ಟರ್ನೇಟರನ್ನು ಕಾಯಲು ಎಂಬ ತಿಳಿವಳಿಕೆ ಸರಿಯಲ್ಲ. ಆಲ್ಟರ್ನೇಟರ್ ತನ್ನ ಮಿತಿ ಮೀರಿ ಕೊಡಲಾರದು. ಬ್ಯಾಟರಿ ಹಾಗಲ್ಲ. ಕೇಬಲಿನ ಮೈ ಉಜ್ಜಿ ಚಾಸಿಗೆ ತಗುಲಿದರೆ ನೂರಾರು ಆಂಪಿಯರನ್ನು ಒಮ್ಮೆಗೇ ಸುರಿದು ಇಡೀ ಹಾರ್ನೆಸ್ ಸುಡುತ್ತದೆ. ಆದ್ದರಿಂದ ಫ್ಯೂಸ್ ಬ್ಯಾಟರಿಯ ಕಡೆಯ ತುದಿಯಲ್ಲಿ, ಸಾಧ್ಯವಾದಷ್ಟು ಹತ್ತಿರದಲ್ಲಿರಬೇಕು. ಮೂಲ ಗಾಡಿಯಲ್ಲಿ ಇದಕ್ಕಾಗಿ ಫ್ಯೂಸಿಬಲ್ ಲಿಂಕ್, ಅಂದರೆ ಕರೆಂಟ್ ಮಿತಿ ಮೀರಿದಾಗ ಕರಗಿ ಕಡಿಯುವ ತೆಳು ವೈರಿನ ತುಂಡು, ಇತ್ತು. ಅದನ್ನೇ ಮುಂದುವರಿಸುವುದಾದರೆ ಕಾಯಬೇಕಾದ ವೈರಿಗಿಂತ ಗೇಜ್ ಸಂಖ್ಯೆಯಲ್ಲಿ ನಾಲ್ಕು ಹಂತ ತೆಳ್ಳಗಿನದು ಬೇಕು: 6 ಗೇಜಿಗೆ 10ರ ಲಿಂಕ್. ಸಾಮಾನ್ಯ ವೈರನ್ನೇ ತುಂಡರಿಸಿ ಲಿಂಕ್ ಮಾಡಬಾರದು, ಕರಗಿದಾಗ ಅದರ ಹೊದಿಕೆಯೇ ಹೊತ್ತಿಕೊಳ್ಳುತ್ತದೆ. ಮೆಗಾ ಫ್ಯೂಸ್ ಹಾಕುವುದು ಇನ್ನೂ ಸುಲಭ. ಆಲ್ಟರ್ನೇಟರ್ ಸಾಮರ್ಥ್ಯಕ್ಕಿಂತ ಕಾಲುಭಾಗ ಹೆಚ್ಚಿನದು, ಅಂದರೆ 100ಕ್ಕೆ 125, ಸರಿಹೋಗುತ್ತದೆ. ಆದರೆ ಕೇಬಲ್ ತಾಳುವ ಮಿತಿಯನ್ನು ಅದು ಮೀರಬಾರದು.

ಹೋದಷ್ಟೇ ಕರೆಂಟ್ ಹಿಂದಿರುಗಲೂ ಬೇಕು. ಹೊಸದಾಗಿ ಸಿದ್ಧವಾದ ಗಾಡಿಯಲ್ಲಿ ಅರ್ತ್ ಕೈಕೊಡುವುದಕ್ಕೆ ಅದರ ಅಂದವೇ ಕಾರಣವಾಗುತ್ತದೆ. ಬ್ರಾಕೆಟ್ಟಿಗೆ ಪೌಡರ್ ಕೋಟಿಂಗ್, ಎಂಜಿನ್ ಬ್ಲಾಕಿಗೆ ದಪ್ಪ ಬಣ್ಣ, ಚಾಸಿಗೆ ಎರಡು ಪದರ ಪೇಂಟ್ ಇವೆಲ್ಲವೂ ವಿದ್ಯುತ್ತನ್ನು ತಡೆಯುವ ಪರದೆಗಳೇ. ಆಲ್ಟರ್ನೇಟರಿನ ಮೈಯಿಂದ ಬ್ಲಾಕಿಗೆ, ಬ್ಲಾಕಿನಿಂದ ಬ್ಯಾಟರಿ ನೆಗೆಟಿವ್‌ಗೆ, ಬ್ಲಾಕಿನಿಂದ ಚಾಸಿಗೂ ಕ್ಯಾಬಿನ್ನಿಗೂ ಪ್ರತ್ಯೇಕ ಕೇಬಲ್ ಹಾಕಬೇಕು. ಲಗ್ ಕೂರುವ ಜಾಗದಲ್ಲಿ ಬಣ್ಣವನ್ನು ಬರಿ ಲೋಹ ಕಾಣುವವರೆಗೆ ಕೆರೆದು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಬೇಕು. ಲಗ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಮನೆಯ ವೈರಿಂಗಿನ ತಂತಿ ಇಲ್ಲಿ ಬೇಡ. ಎಂಜಿನ್ ಕಾವು ಮತ್ತು ಎಣ್ಣೆಯನ್ನು ತಾಳುವ ವಾಹನದ ವೈರೇ ಬೇಕು. ತಗಡನ್ನು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಲಿ. ಇನ್ನು ಬೆಲ್ಟ್: 14 ವೋಲ್ಟಿನಲ್ಲಿ 100 ಆಂಪಿಯರ್ ಎಂದರೆ 1,400 ವ್ಯಾಟ್. ಆಲ್ಟರ್ನೇಟರಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ ಎಂಜಿನ್‌ನಿಂದ ಅದು ಸೆಳೆಯುವುದು 3 ಅಶ್ವಶಕ್ತಿಗಿಂತ ಹೆಚ್ಚು. ಒಂಟಿ ವಿ-ಬೆಲ್ಟ್ ಇಲ್ಲಿಗೆ ತನ್ನ ಮಿತಿ ಮುಟ್ಟುತ್ತದೆ. 140 ಬೇಕೆನ್ನುವವರು ಜೋಡಿ ಬೆಲ್ಟ್ ಅಥವಾ ಸರ್ಪೆಂಟೈನ್ ಬೆಲ್ಟಿನ ವ್ಯವಸ್ಥೆಗೂ ಸಿದ್ಧರಾಗಬೇಕು.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಆಲ್ಟರ್ನೇಟರಿನ ಹಿಂದಿನ ಬೋಲ್ಟಿನಲ್ಲಿ ಕೀ ಆಫ್ ಇದ್ದಾಗಲೂ ಕರೆಂಟ್ ಇರುತ್ತದೆ. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಎಂಜಿನ್ ಓಡುವಾಗ ಬ್ಯಾಟರಿ ಕಳಚುವ ಹಳೆಯ ಪರೀಕ್ಷೆಯನ್ನು ಮಾತ್ರ ಮಾಡಬೇಡಿ, ಆಗ ಏಳುವ ವೋಲ್ಟೇಜ್ ರೆಗ್ಯುಲೇಟರನ್ನೂ ಇಂಜೆಕ್ಷನ್ ಕಂಪ್ಯೂಟರನ್ನೂ ಕೊಲ್ಲಬಲ್ಲದು. ಸರಿಯಾದ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ 1,500 ಸುತ್ತಿಗಿಂತ ಮೇಲಿಟ್ಟು, ದೀಪ, ಫ್ಯಾನ್, ಬ್ಲೋವರ್ ಎಲ್ಲ ಹಚ್ಚಿ. ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಹಿಂದಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪಾಸಿಟಿವ್‌ಗೆ ಇಟ್ಟರೆ 0.3 ಮೀರಬಾರದು. ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.2ರೊಳಗೆ ಇರಬೇಕು. ಮೀರಿದರೆ ದೋಷ ವೈರಿನಲ್ಲಿ, ಲಗ್‌ನಲ್ಲಿ ಅಥವಾ ಅರ್ತ್‌ನಲ್ಲಿದೆ. ಇನ್ನೂ ದೊಡ್ಡ ಆಲ್ಟರ್ನೇಟರ್ ಅದಕ್ಕೆ ಮದ್ದಲ್ಲ.

ಹೀಗೆಲ್ಲ ಮಾಡಿದರೆ ಗಾಡಿಯ ಮೂಲರೂಪ ಕೆಡುವುದಿಲ್ಲವೇ ಎಂಬುದು ಕೊನೆಯ ಆಕ್ಷೇಪ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂಬ ಕಾಳಜಿ ಗೌರವಾರ್ಹ, ಪ್ರದರ್ಶನಕ್ಕೆ ನಿಲ್ಲುವ ಗಾಡಿಗೆ ಅದೇ ಸರಿ. ಆದರೆ ಎಸಿ, ಇಂಜೆಕ್ಷನ್ ಸೇರಿಸಿಕೊಂಡ ಗಾಡಿ ಆ ಗೆರೆಯನ್ನು ಆಗಲೇ ದಾಟಿದೆ. ಅಲ್ಲಿ ಮೂಲರೂಪದ ಹೆಸರಿನಲ್ಲಿ ತೆಳುವಾದ ವೈರನ್ನು ಉಳಿಸಿಕೊಂಡರೆ ರಕ್ಷಣೆಯಾಗುವುದು ನೋಟವಷ್ಟೇ. ಮೇಲೆ ಹೇಳಿದ ವಿಧಾನದಲ್ಲಿ ಹಾರ್ನೆಸ್‌ನ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ರೆಗ್ಯುಲೇಟರ್ ಪ್ಲಗ್ಗಿಗೆ ಸಿಕ್ಕಿಸುವ ಜಂಪರ್ ಪ್ರತ್ಯೇಕ ತುಂಡಾಗಿರಲಿ, ಹಳೆಯ ರೆಗ್ಯುಲೇಟರನ್ನು ಅದರ ಜಾಗದಲ್ಲೇ ಬಿಡಿ, ದಪ್ಪ ಕೇಬಲನ್ನು ಕಪ್ಪು ಹೊದಿಕೆಯಲ್ಲಿ ಹಳೆಯ ಹಾರ್ನೆಸ್‌ನ ಪಕ್ಕದಲ್ಲೇ ಸಾಗಿಸಿ. ನಾಳೆ ಇನ್ನೊಬ್ಬ ಮಾಲೀಕ ಬಯಸಿದರೆ ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ತರಬಹುದು. ಆದ್ದರಿಂದ ಹಣ ಹೂಡುವ ಕ್ರಮ ಹೀಗಿರಲಿ: ಮೊದಲು ಹೊರೆಯ ಪಟ್ಟಿ, ಆಮೇಲೆ ಅರ್ತ್ ಮತ್ತು ಕೇಬಲ್, ನಂತರ ಫ್ಯೂಸ್ ಮತ್ತು ಜಂಕ್ಷನ್, ಕೊನೆಗೆ ಆಲ್ಟರ್ನೇಟರ್. ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಈ ತಿಂಗಳು ಕೇಬಲ್ ಕೊಳ್ಳಿ. ಹಳೆಯ ಆಲ್ಟರ್ನೇಟರ್ ಒಳ್ಳೆಯ ವೈರಿಂಗ್‌ನಲ್ಲಿ ಇನ್ನಷ್ಟು ದಿನ ದುಡಿಯುತ್ತದೆ. ಹೊಸದು ಕೆಟ್ಟ ವೈರಿಂಗ್‌ನಲ್ಲಿ ತಾನೂ ಕೆಡುತ್ತದೆ, ಗಾಡಿಯನ್ನೂ ಕೆಡಿಸುತ್ತದೆ.